ಎಂಬತ್ತಮೂರು ಗೆರೆಗಳು

ಜ್ವರ ಬರುವುದಕ್ಕೆ ಎರಡು ವರ್ಷ ಮೊದಲು ನಾನು ಸಾಬೂನು ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ನೂರನಲವತ್ತು ಮನೆಗಳ ಬಾಗಿಲು ತಟ್ಟಿದ್ದೆ. ಆಗ ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಮುಂದೆಂದಾದರೂ ಸಾಂಕ್ರಾಮಿಕ ರೋಗ ಬಂದರೆ ಊರು ಹೇಗೆ ಸಿದ್ಧವಾಗಿರಬೇಕು ಎಂದು ಆರೋಗ್ಯ ಕಚೇರಿಯವರು ಯೋಜನೆ ಮಾಡುತ್ತಿದ್ದರು. ಔಷಧಿ, ಹಾಸಿಗೆ, ಆಂಬುಲೆನ್ಸುಗಳ ವಿಷಯ ಅವರಿಗೇ ಗೊತ್ತಿತ್ತು. ಜನರ ವಿಷಯಕ್ಕೆ ಮಾತ್ರ ನಮ್ಮ ಕಾಲೇಜಿನ ಸಮಾಜಶಾಸ್ತ್ರ ವಿಭಾಗಕ್ಕೆ ಕಾಗದ ಬರೆದಿದ್ದರು. ವಿಭಾಗ ಅಂದರೆ ಇಬ್ಬರು. ಒಬ್ಬರು ನಿವೃತ್ತಿಯ ದಿನ ಎಣಿಸುತ್ತಿದ್ದರು. ಇನ್ನೊಬ್ಬಳು ನಾನು.

ನನ್ನ ಪ್ರಶ್ನಾವಳಿಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಇಪ್ಪತ್ತೊಂದಕ್ಕೆ ಬಂದ ಉತ್ತರಗಳನ್ನು ವರದಿಗೆ ಹಾಕಿದ ಮೇಲೆ ನಾನೇ ಮರೆತುಬಿಟ್ಟಿದ್ದೆ. ಉಳಿದದ್ದೊಂದು ಮಾತ್ರ ಮರೆಯುವ ಹಾಗಿಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಮೊದಲು ಯಾರನ್ನು ಕರೆಯುತ್ತೀರಿ? ಡಾಕ್ಟರು, ಔಷಧಿ ಅಂಗಡಿಯವರು, ಮಗ, ಅಳಿಯ ಎಂದೆಲ್ಲ ಮೊದಲೇ ಖಾನೆಗಳನ್ನು ಅಚ್ಚು ಹಾಕಿಸಿಕೊಂಡು ಹೋಗಿದ್ದೆ. ಎಂಬತ್ತಮೂರು ಮನೆಯವರು ಆ ಖಾನೆಗಳನ್ನೆಲ್ಲ ದಾಟಿ ಕೊನೆಯ ‘ಇತರೆ’ಯಲ್ಲಿ ಒಂದೇ ಹೆಸರು ಬರೆಸಿದರು. ಬಿಸಿನೀರಕ್ಕ.

“ಡಾಕ್ಟ್ರನ್ನ ಕರೆಯಲ್ವಾ?” ಎಂದು ಮೂಲೆಮನೆಯ ಸೊಸೆಯನ್ನು ಕೇಳಿದೆ.

“ಕರೀತೀವಿ, ಆಮೇಲೆ. ಡಾಕ್ಟ್ರು ಕೈ ಹಿಡಿದು ನೋಡಿ ಬಿಟ್ಬಿಡ್ತಾರೆ. ಅಕ್ಕ ಹಿಡ್ಕೊಂಡು ಕೂತ್ಕೋತಾಳೆ,” ಅಂದಳು ಅವಳು.

ಈ ಅಕ್ಕ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದಳು. ಅರವತ್ತು ದಾಟಿತ್ತು. ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದು, ಅದು ಬಿಟ್ಟ ಮೇಲೆ ಮನೆಮನೆಗೆ ಹೋಗುತ್ತಿದ್ದಳು. ಹಾಸಿಗೆ ಹಿಡಿದ ಮುದುಕರ ಮೈ ಒರೆಸುವುದು, ಆಪರೇಷನ್ ಆಗಿ ಬಂದವರಿಗೆ ಮಗ್ಗುಲು ಬದಲಿಸುವುದು, ಉಸಿರು ಎಳೆಯುತ್ತಿರುವವರ ಪಕ್ಕ ಕೂರುವುದು, ಹೀಗೆ ಬೇರೆಯವರಿಗೆ ಅಸಹ್ಯವೋ ಹೆದರಿಕೆಯೋ ಆಗುವ ಕೆಲಸಗಳೆಲ್ಲ ಅವಳವು. ಹೊಸಿಲು ದಾಟುತ್ತಿದ್ದ ಹಾಗೆ ಅವಳ ಮೊದಲ ಮಾತು “ಬಿಸಿನೀರಿಟ್ಟಿದೀರಾ?” ಅಂತ. ಹೆಸರು ಹಾಗೇ ಅಂಟಿತು. “ನನ್ನ ನಿಜವಾದ ಹೆಸರು ಗುರುತಿನ ಚೀಟಿಗೆ ಮಾತ್ರ ಗೊತ್ತು. ಪುಣ್ಯಕ್ಕೆ ಅದಕ್ಕೆ ಬಾಯಿಲ್ಲ,” ಅನ್ನುತ್ತಿದ್ದಳು. ಮಕ್ಕಳಿರಲಿಲ್ಲ. ಗಂಡ ಬಿಟ್ಟು ಹೋದನಂತೆ ಎಂದು ಯಾರಾದರೂ ಅಂದರೆ, “ಬಿಟ್ಟು ಹೋದ ಅನ್ಬೇಡಿ, ಕಳೆದುಹೋದ. ನಾನು ಹುಡುಕಲಿಲ್ಲ, ಅಷ್ಟೇ,” ಎಂದು ನಗಿಸುತ್ತಿದ್ದಳು.

ಸರ್ವೆ ಮುಗಿದ ಮೇಲೆ ಒಂದು ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದೆ. ಮನೆಗೊಂದು ಚುಕ್ಕೆ. ಆ ಮನೆಯವರು ಕಷ್ಟದಲ್ಲಿ ಯಾರನ್ನು ಕರೆಯುತ್ತಾರೋ ಅವರ ಕಡೆಗೆ ಒಂದು ಗೆರೆ. ಔಷಧಿ ಅಂಗಡಿಗೆ ಹನ್ನೊಂದು ಗೆರೆ, ಕ್ಲಿನಿಕ್ಕಿಗೆ ಒಂಬತ್ತು, ಉಳಿದವು ಅಲ್ಲಿ ಇಲ್ಲಿ. ನಟ್ಟನಡುವೆ ಒಂದು ದೊಡ್ಡ ವೃತ್ತ, ಅದಕ್ಕೆ ಎಂಬತ್ತಮೂರು. ಯಾರ ಹೆಸರನ್ನೂ ಹೊರಗೆಡಹುವುದಿಲ್ಲ ಎಂದು ಪ್ರತಿ ಮನೆಯಲ್ಲೂ ಮಾತು ಕೊಟ್ಟಿದ್ದರಿಂದ ವೃತ್ತದ ಒಳಗೆ ಏನೂ ಬರೆಯಲಿಲ್ಲ. ವರದಿಯಲ್ಲಿ ಹೀಗೆ ಹೇಳಿದ್ದೆ: ಇಂಥವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ರೋಗ ಬರುವ ಮೊದಲೇ ಅವರನ್ನು ಗುರುತಿಸಿ, ಕೈಗವಸು, ಮಾಸ್ಕು, ತರಬೇತಿ ಕೊಡಿ. ಜನ ನಂಬಬೇಕಾದ ಯಾವ ಮಾತನ್ನೂ ಮೈಕಿನಲ್ಲಿ ಕೂಗಬೇಡಿ, ಅವರ ಬಾಯಲ್ಲಿ ಹೇಳಿಸಿ.

ಆರೋಗ್ಯಾಧಿಕಾರಿ ಪುಟ ತಿರುವಿ, “ಒಳ್ಳೇ ಕೆಲಸ ಮೇಡಂ,” ಅಂದರು. ವರದಿ ಕಬ್ಬಿಣದ ಬೀರು ಸೇರಿತು.

ಆರು ತಿಂಗಳಿಗೆ ನನ್ನ ಅಪ್ಪನಿಗೆ ಲಕ್ವ ಹೊಡೆಯಿತು. ನೂರನಲವತ್ತು ಮನೆಗೆ ಕೇಳಿದ ಪ್ರಶ್ನೆ ಈಗ ನನ್ನ ಮನೆಗೇ ಬಂತು. ನಾನೂ ಅವಳನ್ನೇ ಕರೆದೆ.

ನಮ್ಮ ಮನೆ ರೈಲು ಹಳಿಯ ಆಚೆ, ನಾಲ್ಕು ಬೀದಿ ದೂರ. ಇದ್ದದ್ದು ನಾವಿಬ್ಬರೇ, ಅಪ್ಪ ಮತ್ತು ನಾನು. ಅಪ್ಪ ದರ್ಜಿ. ನಲವತ್ತೈದು ವರ್ಷ ಹೊಲಿಗೆ ಯಂತ್ರ ತುಳಿದ ಬಲಗಾಲು ಈಗ ಹಾಸಿಗೆಯ ಮೇಲೆ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಮಾತು ತುಂಡುತುಂಡಾಗಿ ಬರುತ್ತಿತ್ತು. ಹೆತ್ತ ಮಗಳಿಗೆ ತಿಳಿಯದ್ದು ಅಕ್ಕನಿಗೆ ತಿಳಿಯುತ್ತಿತ್ತು. ಅಪ್ಪ “ತ... ತ...” ಅಂದರೆ ನಾನು ನೀರಿನ ಲೋಟ ಹಿಡಿದು ಓಡುತ್ತಿದ್ದೆ. ಅವಳು ನಗುತ್ತ, “ತಲೆದಿಂಬು ಎತ್ತರ ಆಯ್ತಂತೆ ಮಾರಾಯ್ತಿ,” ಅನ್ನುತ್ತಿದ್ದಳು. ವಾರಕ್ಕೆ ಮೂರು ದಿನ ಬರುತ್ತಿದ್ದಳು. ಮೈ ಒರೆಸುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. “ಮಾಸ್ಟ್ರೇ, ಜೀವನಪೂರ್ತಿ ಊರವರ ಮೈ ಅಳತೆ ತಗೊಂಡ್ರಿ. ಈಗ ನಿಮ್ಮ ಅಳತೆ ನನ್ನ ಕೈಲಿದೆ. ಬಿಗಿ ಆದ್ರೆ ಹೇಳಿ, ಸಡಿಲ ಮಾಡ್ತೀನಿ.” ಅಪ್ಪ ಅರ್ಧ ಬಾಯಲ್ಲಿ ನಗುತ್ತಿದ್ದರು. ಒಂದೂವರೆ ವರ್ಷ ಅವರ ಬೆನ್ನಿನ ಮೇಲೆ ಒಂದು ಹುಣ್ಣೂ ಏಳಲಿಲ್ಲ.

ಆಮೇಲೆ ಜ್ವರ ಬಂತು.

ಮೊದಲು ಮೈ ಕಾಯುತ್ತಿತ್ತು, ಮೂರನೆಯ ದಿನ ಕಣ್ಣು ಕೆಂಪಾಗುತ್ತಿತ್ತು, ಆಮೇಲೆ ಉಸಿರಾಟ ಕಷ್ಟವಾಗುತ್ತಿತ್ತು. ಜನ ಕೆಂಗಣ್ಣು ಜ್ವರ ಅಂದರು. ಕಾರ್ಖಾನೆ ಹಿಂದಿನ ಬೀದಿಗೆ ಬಿಳಿ ವ್ಯಾನು ಸೈರನ್ ಹಾಕಿಕೊಂಡು ಬಂದು ಮೊದಲ ಮೂವರನ್ನು ಕರೆದೊಯ್ದಿತು. ಜೊತೆಗೆ ಯಾರೂ ಹೋಗುವಂತಿಲ್ಲ, ಫೋನು ಕೊಡುವಂತಿಲ್ಲ. ಇಬ್ಬರು ಮೊಹರು ಹಾಕಿದ ಚೀಲದಲ್ಲಿ ವಾಪಸು ಬಂದರು. ಮೂರನೆಯವನು ಬದುಕಿದ್ದಾನೋ ಇಲ್ಲವೋ ಎನ್ನುವುದು ಅವನ ಹೆಂಡತಿಗೆ ಐದು ದಿನ ಗೊತ್ತಾಗಲಿಲ್ಲ. ಅಲ್ಲಿಗೆ ಬೀದಿ ಬಾಯಿ ಮುಚ್ಚಿಕೊಂಡಿತು. ಯಾರ ಮನೆಯಲ್ಲೂ ಜ್ವರವಿಲ್ಲ, ಎಲ್ಲರಿಗೂ ಬರೀ ಸುಸ್ತು. ಕಪ್ಪು ಕನ್ನಡಕದ ವ್ಯಾಪಾರ ಮಾತ್ರ ಜೋರಾಯಿತು. ಮೋಡ ಕವಿದ ದಿನವೂ ಜನ ಕಪ್ಪು ಕನ್ನಡಕ ಹಾಕಿಕೊಂಡು ಹಾಲು ತರಲು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಆರೋಗ್ಯ ಕಚೇರಿಯಿಂದ ನನಗೆ ಕರೆ ಬಂತು. ಅಧಿಕಾರಿಯ ಕೋಣೆಯಲ್ಲಿ ಮಡಚುವ ಮಂಚ, ಟೂತ್‌ಬ್ರಷ್, ಒಣಗಿದ ಬ್ರೆಡ್ಡು. ಹತ್ತು ದಿನದಿಂದ ಮನೆಗೆ ಹೋಗಿರಲಿಲ್ಲವಂತೆ. ಕೆಟ್ಟವರಲ್ಲ ಅವರು. ಅದನ್ನು ಇಲ್ಲೇ ಹೇಳಿಬಿಡಬೇಕು.

“ಯಾಕ್ರೀ ಮೇಡಂ ಬಚ್ಚಿಡ್ತಾರೆ? ಸಾಯ್ತೀವಿ ಅಂತ ಗೊತ್ತಿದ್ದೂ? ಅಷ್ಟೊಂದು ಮೂರ್ಖರಾ?”

“ಮೂರ್ಖತನ ಅಲ್ಲ ಸರ್, ಪ್ರೀತಿ. ನಿಮ್ಮ ವ್ಯಾನು ಕರ್ಕೊಂಡು ಹೋಗುತ್ತೆ, ಸುದ್ದಿ ತರಲ್ಲ. ಸಾಯೋದಾದ್ರೆ ಮನೇಲೇ ಸಾಯಲಿ, ಕಣ್ಮುಂದೆ ಇರ್ಲಿ ಅಂತಾರೆ. ದಿನಕ್ಕೊಂದ್ಸಲ, ಊಟ ಮಾಡಿದ್ರು, ನಿದ್ದೆ ಬಂತು, ಇಷ್ಟು ಸುದ್ದಿ ಮನೆಗೆ ಮುಟ್ಟಿಸಿ ನೋಡಿ. ಅದನ್ನೂ ಅವರು ನಂಬೋ ಬಾಯಿಂದ.”

ಅವರು ಕಿವಿಗೊಟ್ಟು ಕೇಳಿದರು. ನನಗೆ ಹುರುಪು ಬಂತು. ಎರಡು ವರ್ಷ ಬೀರುವಿನಲ್ಲಿ ಧೂಳು ತಿಂದ ವರದಿಯನ್ನು ತೆಗೆಸಿದೆ. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದೆ.

“ಈ ನಡುವೆ ಇರೋದು ಯಾರು?” ಅಧಿಕಾರಿ ಕೇಳಿದರು.

ಮಾತು ಕೊಟ್ಟದ್ದು ಆ ಕ್ಷಣ ನನಗೆ ನೆನಪಾಗಲೇ ಇಲ್ಲ. ನಮ್ಮ ಮನೆಗೇ ಬರುವವಳು, ನಮ್ಮಪ್ಪನ ನಗು ಬಲ್ಲವಳು ಎಂಬ ಹೆಮ್ಮೆ ಒಳಗೊಳಗೇ ಉಕ್ಕಿಬಿಟ್ಟಿತು. ಹೆಸರು ಹೇಳಿದೆ. ಮನೆ ಎಲ್ಲಿ ಅಂತಲೂ ಹೇಳಿದೆ.

ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಅಂಕಿ ಅಂಶ ನೋಡಿಕೊಳ್ಳುವ ಸಹಾಯಕ ಅಧಿಕಾರಿ ಕೂತಿದ್ದರು. ಅವರು ಎದ್ದು ಬಂದು, ಅದುವರೆಗೆ ಆ ಬೀದಿಯಲ್ಲಿ ಜ್ವರ ಪತ್ತೆಯಾಗಿದ್ದ ಒಂಬತ್ತು ಮನೆಗಳನ್ನು ಕೆಂಪು ಪೆನ್ನಿನಿಂದ ಗುರುತು ಮಾಡಿದರು. ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಅಂದರು, “ಐದು ಗೆರೆ ಒಂದೇ ಕಡೆ ಹೋಗ್ತಿವೆ ಸರ್.” ನಡುವಿನ ವೃತ್ತದ ಸುತ್ತ ಕೆಂಪು ಬಳೆ ಎಳೆದರು.

“ಸರ್, ಇದು ನಂಬಿಕೆಯ ಚಿತ್ರ,” ನನ್ನ ದನಿ ಏರಿತ್ತು. “ರೋಗದ ಚಿತ್ರ ಅಲ್ಲ.”

“ನಂಬಿಕೆ ಹೋಗೋ ದಾರೀಲೇ ಅಲ್ವಾ ಮೇಡಂ ರೋಗಾನೂ ಹೋಗೋದು? ಮೈ ಮುಟ್ಟಿದವರಿಂದ ತಾನೇ ಬರೋದು?” ಅಂದರು ಅಧಿಕಾರಿ.

ಆ ಮಾತು ಪೂರ್ತಿ ತಪ್ಪಲ್ಲ. ಕಷ್ಟ ಇದ್ದದ್ದೇ ಅಲ್ಲಿ. ನೂರನಲವತ್ತರಲ್ಲಿ ಎಂಬತ್ತಮೂರು ಮನೆ ಅವಳವಾದರೆ, ಕಣ್ಣು ಮುಚ್ಚಿ ಯಾವ ಒಂಬತ್ತು ಮನೆ ಆರಿಸಿದರೂ ಹೆಚ್ಚುಕಡಿಮೆ ಐದು ಅವಳ ಗೆರೆಗೆ ಸಿಗುತ್ತವೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಆಗುವ ನಂಟು ಅದು. ಇದನ್ನು ಅಲ್ಲೇ, ಆಗಲೇ, ಬಿಡಿಸಿ ಹೇಳಬೇಕಿತ್ತು. ನನಗೆ ಹೊಳೆದದ್ದು ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ. ಅಲ್ಲಿಂದಲೇ ಫೋನು ಮಾಡಿದೆ. ಅಧಿಕಾರಿ, “ನೋಡೋಣ ಮೇಡಂ, ಮೊದಲು ಪರೀಕ್ಷೆ ಆಗ್ಲಿ,” ಅಂದರು.

ಮಧ್ಯಾಹ್ನ ಮೂರಕ್ಕೆ ಸೈಕಲ್ ಅಂಗಡಿಯ ಮುಂದೆ ವ್ಯಾನು ನಿಂತಿತಂತೆ. ಅಕ್ಕ ಯಾರದೋ ಮನೆಯಿಂದ ಬರುತ್ತಿದ್ದಳಂತೆ, ಒದ್ದೆ ಕೈಯಲ್ಲೇ ಹತ್ತಿದಳಂತೆ. ಸಂಜೆಯೊಳಗೆ ನನ್ನ ಚಿತ್ರ, ಕೆಂಪು ಬಳೆಯ ಸಮೇತ, ಬೀದಿಯ ಫೋನುಗಳಲ್ಲೆಲ್ಲ ಓಡಾಡಿತು. ಅಡಿಯಲ್ಲಿ ಯಾರೋ ಬರೆದಿದ್ದರು: ಮನೆಮನೆಗೆ ಜ್ವರ ಹಂಚಿದವಳು ಇವಳೇ, ಬಿಸಿನೀರಕ್ಕ. ಫೋಟೋ ತೆಗೆದವರು ಯಾರು ಎಂದು ಕಡೆಗೂ ಗೊತ್ತಾಗಲಿಲ್ಲ. ತೆಗೆದವರು ಯಾರಾದರೇನು, ವೃತ್ತಕ್ಕೆ ಹೆಸರು ಕೊಟ್ಟದ್ದು ನನ್ನ ಬಾಯಿ.

ಅವಳನ್ನು ಶಾಲೆಯ ಸಭಾಂಗಣವೊಂದರಲ್ಲಿ ಇಟ್ಟಿದ್ದರು. ಮೂವತ್ತು ಮಂಚ, ಎರಡು ಶೌಚಾಲಯ. ಅದು ಆಸ್ಪತ್ರೆಯಲ್ಲ, ಬರೀ ಅನುಮಾನ ಇದ್ದವರನ್ನು ಇಡುವ ಜಾಗವಾದ್ದರಿಂದ ಫೋನು ಕಿತ್ತುಕೊಂಡಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳೇ ಫೋನು ಮಾಡಿದಳು.

“ಎಲ್ಲೆಲ್ಲಿ ಹೋಗಿದ್ದೆ, ಯಾರ್ಯಾರನ್ನ ಮುಟ್ಟಿದ್ದೆ ಅಂತ ಪಟ್ಟಿ ಬರೆಸ್ಕೊಂಡ್ರು. ಎಲ್ಲ ಹೇಳಿದೆ. ನಿಮ್ಮನೆ ಒಂದು ಹೇಳ್ಲಿಲ್ಲ.”

ನಾನು ಅಪ್ಪನ ಕೋಣೆಯ ಬಾಗಿಲು ಎಳೆದುಕೊಂಡೆ.

“ಮಾಸ್ಟ್ರನ್ನ ಇಲ್ಲಿಗೆ ತಂದ್ರೆ ಮೂರು ದಿನ ಉಳಿಯಲ್ಲಮ್ಮ. ಇಲ್ಲಿ ತಿರುಗಿಸಿ ಮಲಗಿಸೋರೂ ಇಲ್ಲ. ನಿನಗೆ ಜ್ವರ ಇಲ್ಲ ತಾನೇ? ಅವರಿಗೆ?”

“ಇಲ್ಲ.”

“ಹಾಗಾದ್ರೆ ಬಾಯಿ ಮುಚ್ಕೊಂಡಿರು. ಹೊರಗೆ ಹೋಗ್ಬೇಡ.”

ಜನ ಯಾಕೆ ಬಚ್ಚಿಡುತ್ತಾರೆ ಎಂದು ಹಿಂದಿನ ದಿನವಷ್ಟೇ ಮೇಜು ತಟ್ಟಿ ವಿವರಿಸಿ ಬಂದವಳು ನಾನು. ಕಚೇರಿಗೆ ಫೋನು ಮಾಡಿ, ನಮ್ಮ ಮನೆಯನ್ನೂ ಸೇರಿಸಿಕೊಳ್ಳಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅಂದು ಇಡೀ ದಿನ ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ಕಿಟಕಿಯ ಪರದೆ ಎಳೆದುಕೊಂಡು ನಿಲ್ಲುತ್ತಿದ್ದೆ.

ಅಪ್ಪನ ಕೆಲಸ ಈಗ ನನ್ನ ಪಾಲಿಗೆ ಬಂತು. ಇಷ್ಟು ದಿನ ಬಾಗಿಲಲ್ಲಿ ನಿಂತು ನೋಡಿದ್ದೆ, ಕೈ ಹಾಕಿರಲಿಲ್ಲ. ಅಕ್ಕ ದಿನಕ್ಕೆ ಎರಡು ಸಲ ಫೋನಿನಲ್ಲೇ ಹೇಳಿಕೊಡುತ್ತಿದ್ದಳು. ಫೋನನ್ನು ದಿಂಬಿಗೆ ಒರಗಿಸಿ ಇಡುತ್ತಿದ್ದೆ.

“ಒಂದು ಕೈ ಭುಜದ ಕೆಳಗೆ ಹಾಕು. ಇನ್ನೊಂದು ಸೊಂಟಕ್ಕೆ. ಎಳೀಬೇಡ, ಎಳೆದ್ರೆ ಚರ್ಮ ಕಿತ್ತು ಬರುತ್ತೆ. ನಿನ್ನ ಕಡೆ ಉರುಳಿಸ್ಕೋ. ಹೆದರಿದೀಯಾ?”

“ಬಿದ್ದುಬಿಟ್ರೆ ಅಂತ...”

“ಬೀಳಲ್ಲ. ಮಾಸ್ಟ್ರೇ, ಮಗಳು ಹೊಸದಾಗಿ ಕಲೀತಿದಾಳೆ, ಹೊಲಿಗೆ ಸ್ವಲ್ಪ ಸೊಟ್ಟಗೆ ಬರುತ್ತೆ. ಬೈಬೇಡಿ.”

ಅಪ್ಪ ಫೋನಿನ ಕಡೆ ಕಣ್ಣು ತಿರುಗಿಸುತ್ತಿದ್ದರು. ಅವಳು ಎಲ್ಲಿ ಎಂದು ಹುಡುಕುತ್ತಿದ್ದರು. ಅವಳು ಬಾರದೆ ಹೋದದ್ದು ಯಾಕೆ ಎಂದು ಅವರಿಗೆ ನಾನು ಹೇಳಲೇ ಇಲ್ಲ.

ಐದನೆಯ ದಿನ ಬೆನ್ನಿನ ಕೆಳಗೆ ಒಂದು ಕಡೆ ಕೆಂಪಾಯಿತು. ಏಳನೆಯ ದಿನ ಅದು ಒಡೆಯಿತು. ಡಾಕ್ಟರನ್ನು ಕರೆದರೆ ಅವರೆಲ್ಲ ಜ್ವರದ ಕೆಲಸಕ್ಕೆ ಹೋಗಿದ್ದರು. ಔಷಧಿ ಅಂಗಡಿಯವರು ಬಾಗಿಲ ಕಂಡಿಯಿಂದ ಒಂದು ಮುಲಾಮು ಕೊಟ್ಟರು. ಗಾಯ ಎಷ್ಟು ಅಗಲ, ಯಾವ ಬಣ್ಣ, ವಾಸನೆ ಇದೆಯಾ ಎಂದು ಅಕ್ಕ ಕೇಳುತ್ತಿದ್ದಳು. ನಾನು ಹೇಳಿದ್ದಕ್ಕೆ ಅವಳು “ಹೂಂ” ಅನ್ನುವುದು ದಿನದಿಂದ ದಿನಕ್ಕೆ ತಡವಾಗುತ್ತಿತ್ತು. ಅಲ್ಲಿ ಅವಳ ಸುತ್ತ ಕೆಮ್ಮು, ಯಾರೋ ಅಳುವುದು, ಯಾರೋ ನೀರು ಕೇಳುವುದು ಎಲ್ಲ ಫೋನಿನಲ್ಲಿ ಕೇಳಿಸುತ್ತಿತ್ತು. “ಬಂದೆ ಇರಪ್ಪಾ,” ಎಂದು ನಡುವೆ ಅವರಿಗೂ ಉತ್ತರ ಕೊಡುತ್ತಿದ್ದಳು.

ಹನ್ನೊಂದನೆಯ ದಿನ ಅಪ್ಪ ನೀರು ನುಂಗಲಿಲ್ಲ. ಮಧ್ಯಾಹ್ನ ಹನ್ನೆರಡೂವರೆ. ಅವಳಿಗೆ ಫೋನು ಮಾಡಿದೆ.

“ಪಾದ ಮುಟ್ಟಿ ನೋಡು. ತಣ್ಣಗಿದೆಯಾ?”

“ಹೌದು.”

“ಮಂಡಿ?”

“ಅದೂ.”

ಅವಳು ಎದ್ದು ಗದ್ದಲದಿಂದ ಆಚೆ ಬಂದ ಸದ್ದಾಯಿತು. ಆಮೇಲೆ ಮೆಲ್ಲಗೆ, “ಇನ್ನು ತಿರುಗಿಸ್ಬೇಡಮ್ಮ. ಕೈ ಹಿಡ್ಕೊಂಡು ಕೂತ್ಕೋ. ನಾನೂ ಇಲ್ಲೇ ಇರ್ತೀನಿ,” ಅಂದಳು.

ಫೋನು ಕೆಳಗಿಡಲಿಲ್ಲ ಅವಳು. ಒಂದೂ ಹತ್ತಕ್ಕೆ ಅಪ್ಪ ಹೋದರು. ಅಂತ್ಯಕ್ರಿಯೆಗೆ ನಾಲ್ಕು ಜನಕ್ಕೆ ಮಾತ್ರ ಅನುಮತಿ ಇತ್ತು. ನಾಲ್ಕು ಜನ ಸಿಗಲಿಲ್ಲ.

ಅಕ್ಕನಿಗೆ ಮೂರು ಸಲ ಪರೀಕ್ಷೆ ಮಾಡಿದರು, ಮೂರು ಸಲವೂ ಜ್ವರದ ಸುಳಿವಿರಲಿಲ್ಲ. ಹದಿನೈದನೆಯ ದಿನ ಒಂದು ಪ್ರಮಾಣಪತ್ರ ಕೊಟ್ಟು ಬಿಟ್ಟರು. ಅದನ್ನು ಎದೆಯ ಮುಂದೆ ಹಿಡಿದುಕೊಂಡೇ ಬೀದಿಗೆ ಬಂದಳಂತೆ. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವಂತೆ. ಸೈಕಲ್ ಅಂಗಡಿಯವನು ನೆಲ ನೋಡುತ್ತ, “ಅಕ್ಕಾ, ಸ್ವಲ್ಪ ದಿನ ಹಿಂದಿನ ಮೆಟ್ಟಿಲಲ್ಲಿ ಓಡಾಡು, ಗಿರಾಕಿಗಳು ಹೆದರ್ತಾರೆ,” ಅಂದನಂತೆ. ಅವನ ತಾಯಿಯನ್ನು ಒಂಬತ್ತು ತಿಂಗಳು ನೋಡಿಕೊಂಡವಳು ಅವಳು.

ನಾನು ಹೋದದ್ದು ಅದಾದ ಮೂರನೆಯ ದಿನ. ಹಿಂದಿನ ಮೆಟ್ಟಿಲು ತುಕ್ಕು ಹಿಡಿದು ಅಲುಗಾಡುತ್ತಿತ್ತು. ಅವಳು ಮಂಚದ ಮೇಲೆ ಕೂತಿದ್ದಳು. ಇಪ್ಪತ್ತು ದಿನದಲ್ಲಿ ಕೆನ್ನೆ ಇಳಿದುಹೋಗಿತ್ತು. ಅಪ್ಪನ ವಿಷಯ ಮಾತಾಡಿದೆವು. ಕೊನೆಗೆ ಸರ್ವೆಯಿಂದ ಹಿಡಿದು ಹೆಸರು ಹೇಳಿದ್ದರವರೆಗೆ ಎಲ್ಲ ಹೇಳಿದೆ. ಅವಳು ಅಡ್ಡ ಮಾತಾಡದೆ ಕೇಳಿದಳು. ಆಮೇಲೆ ಫೋನು ತೆಗೆದು ಆ ಚಿತ್ರ ತೋರಿಸಿದಳು. ಅವಳಿಗೂ ಯಾರೋ ಕಳಿಸಿದ್ದರು.

“ಈ ಗೆರೆಗಳೆಲ್ಲ ನೀನು ಎಳೆದದ್ದಾ?”

“ಹೌದಕ್ಕ.”

“ಇವೆಲ್ಲ ನನ್ನಿಂದ ಜ್ವರ ಬಂದ ಮನೆಗಳು ಅಂತ ಬರೆದಿದ್ದಾ?”

“ಅಲ್ಲ. ಕಷ್ಟ ಬಂದಾಗ ಮೊದಲು ಯಾರನ್ನ ಕರೀತೀರಿ ಅಂತ ಕೇಳಿದ್ದೆ. ಅದಕ್ಕೆ ನಿನ್ನ ಹೆಸರು ಹೇಳಿದ ಮನೆಗಳು.”

“ಎಷ್ಟಿವೆ?”

“ಎಂಬತ್ತಮೂರು.”

ಅವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಬೆರಳಿನಿಂದ ಒಂದೊಂದು ಗೆರೆಯನ್ನೂ ಮುಟ್ಟುತ್ತ ಹೋದಳು. ಬೈಯುತ್ತಾಳೆ ಎಂದು ಕಾದಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಅಷ್ಟೊಂದು ಮನೆಯವರು ನನ್ನ ಹೆಸರು ಹೇಳಿದ್ರಾ?” ಅಂದಳು. ಆಮೇಲೆ ತನಗೇ ಎಂಬಂತೆ, “ಬಂದು ಮೂರು ದಿನ ಆಯ್ತು. ಒಬ್ಬರೂ ಬಾಗಿಲು ತಟ್ಟಲಿಲ್ಲ ನೋಡು,” ಅಂದಳು.

ಅವಳು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ.

ಜ್ವರದ ಮೂಲ ಗೊತ್ತಾದದ್ದು ತಿಂಗಳ ನಂತರ. ಮೊದಲ ಒಂಬತ್ತು ಮನೆಗಳಲ್ಲಿ ಎಂಟರವರು ಕಾರ್ಖಾನೆಯ ಒಂದೇ ಪಾಳಿಯಲ್ಲಿ, ಕಿಟಕಿಯಿಲ್ಲದ ಪ್ಯಾಕಿಂಗ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಯಾರು ಎಲ್ಲಿ ದುಡಿಯುತ್ತಾರೆ ಎಂದು ನನ್ನ ಇಪ್ಪತ್ತೆರಡು ಪ್ರಶ್ನೆಗಳಲ್ಲಿ ಒಂದರಲ್ಲಿ ಕೇಳಿದ್ದೆ. ಉತ್ತರಗಳು ಅದೇ ವರದಿಯ ಮೂವತ್ತನೆಯ ಪುಟದಲ್ಲಿದ್ದವು. ಆ ದಿನ ಆ ಪುಟವನ್ನು ಯಾರೂ ತೆರೆಯಲಿಲ್ಲ, ನಾನು ಸೇರಿ. ಕಚೇರಿಯವರು ಅಕ್ಕನಿಂದ ರೋಗ ಹರಡಿಲ್ಲವೆಂದು ಸೂಚನಾ ಫಲಕದಲ್ಲಿ ಅಂಟಿಸಿದರು. ಚಿತ್ರ ಹೋದಷ್ಟು ಫೋನುಗಳಿಗೆ ಆ ಕಾಗದ ಹೋಗಲಿಲ್ಲ. ಊರ ಬಾಯಿಗೆ ಮುಚ್ಚಳ ಹಾಕುವುದು ಹಾಗಿರಲಿ, ಅದೇ ಬಾಯಿಂದ ಇನ್ನೊಂದು ಮಾತು ಆಡಿಸುವುದೂ ಆಗಲಿಲ್ಲ.

ಜ್ವರ ಇಳಿದ ಮೇಲೆ ನಾನು ಮತ್ತೆ ಆ ಬೀದಿಗೆ ಹೋದೆ. ಕೆಂಗಣ್ಣು ಜ್ವರಕ್ಕೆ ಆರು ಜನ ಸತ್ತಿದ್ದರು. ಅವರ ಹೆಸರು ಕಚೇರಿಯ ಪಟ್ಟಿಯಲ್ಲಿತ್ತು. ಅದೇ ಎರಡು ತಿಂಗಳಲ್ಲಿ ಹಾಸಿಗೆ ಹಿಡಿದಿದ್ದ ಏಳು ಜನ ಸತ್ತಿದ್ದರು. ಒಬ್ಬರಿಗೆ ಬೆನ್ನು ಹುಣ್ಣು ನಂಜೇರಿ, ಒಬ್ಬರು ಮಲಗಿದಲ್ಲೇ ಗಂಟಲಿಗೆ ಅನ್ನ ಸಿಕ್ಕಿ, ಒಬ್ಬಾಕೆ ಏಳಲು ಹೋಗಿ ಬಿದ್ದು. ಅವರ ಕಣ್ಣು ಕೆಂಪಾಗಿರಲಿಲ್ಲ, ಹಾಗಾಗಿ ಯಾವ ಪಟ್ಟಿಗೂ ಸೇರಲಿಲ್ಲ. ಏಳೂ ಅಕ್ಕ ಹೋಗುತ್ತಿದ್ದ ಮನೆಗಳು. ಹಳಿಯಾಚೆಯ ನಮ್ಮ ಮನೆ ಸೇರಿಸಿದರೆ ಎಂಟು.

ಒಂದು ಸಂಜೆ ನಾನು ಅಕ್ಕನ ಕೋಣೆಯಲ್ಲಿದ್ದಾಗ ಮೂಲೆಮನೆಯ ಸೊಸೆ ಹಿಂದಿನ ಮೆಟ್ಟಿಲು ಹತ್ತಿ ಬಂದಳು. ಒಳಗೆ ಬರಲಿಲ್ಲ. ಬಾಗಿಲಲ್ಲೇ ಸೆರಗು ಹಿಂಡುತ್ತ ನಿಂತಳು.

“ಅಕ್ಕಾ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದಾರೆ. ಸೊಂಟ ಮುರಿದಿದೆ. ನನ್ನ ಕೈಲಿ ಆಗ್ತಿಲ್ಲ. ಅತ್ತೆ ನಿನ್ನನ್ನೇ ಕೇಳ್ತಿದಾರೆ.”

ಅಕ್ಕ ಎದ್ದು ನಿಂತಳು. ಅಭ್ಯಾಸಬಲ. ಕೈ ತೊಳೆಯಲು ಹೋಗುವವಳ ಹಾಗೆ ಎರಡು ಹೆಜ್ಜೆ ಇಟ್ಟಳು. ಆಮೇಲೆ ನಿಂತು, ತನ್ನ ಅಂಗೈ ನೋಡಿಕೊಂಡಳು.

“ಆಗಲ್ಲಮ್ಮ. ಸಿಟ್ಟಿಗಲ್ಲ. ನನ್ನ ಕೈಗೆ ಭಯ ಹೊಕ್ಕಿದೆ. ನಾಳೆ ನಿಮ್ಮತ್ತೆಗೆ ಒಂದು ಸೀನು ಬಂದ್ರೂ ನನ್ನಿಂದಲೇ ಬಂತೇನೋ ಅಂತ ನಾನೇ ಅಂದ್ಕೋತೀನಿ. ಅಂಥಾ ಕೈಲಿ ಮುದುಕರನ್ನ ಮುಟ್ಟಬಾರದು.”

ಸೊಸೆ ಅಳುತ್ತ, “ತಪ್ಪಾಯ್ತಕ್ಕ. ಆ ಫೋಟೋ ನಾನೂ ನಾಲ್ಕು ಜನಕ್ಕೆ ಕಳಿಸಿದ್ದೆ,” ಅಂದಳು.

“ನಾಲ್ಕೇನಾ?” ಅಂದಳು ಅಕ್ಕ. ನಗಿಸಲು ನೋಡಿದಳೋ ಏನೋ, ಯಾರೂ ನಗಲಿಲ್ಲ. ತಿರುಗಿಸಿ ಮಲಗಿಸುವುದು ಹೇಗೆ ಎಂದು ಅವಳಿಗೆ ಬಾಯಲ್ಲೇ ಹೇಳಿಕೊಟ್ಟು ಕಳಿಸಿದಳು. ಮರುವಾರ ಕೋಣೆ ಖಾಲಿ ಮಾಡಿದಳು. ಮೂರು ತಾಸು ದೂರದ ಊರಲ್ಲಿ ಅವಳ ತಂಗಿಯ ಮಗಳು ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಇಟ್ಟಿದ್ದಳು. ಅಲ್ಲಿಗೆ ಹೋದಳು.

ಕಚೇರಿ ನನ್ನನ್ನು ಮತ್ತೆ ಕರೆಯಿತು. ಏನು ಕಲಿತೆವು ಎಂದು ಬರೆದುಕೊಡಬೇಕಂತೆ. ಬರೆದೆ. ಪ್ಯಾಕಿಂಗ್ ಕೋಣೆ ಬರೆದೆ, ಕಪ್ಪು ಕನ್ನಡಕ ಬರೆದೆ, ಪಟ್ಟಿಗೆ ಸೇರದ ಏಳು ಜನರನ್ನು ಬರೆದೆ. ಸಮೀಕ್ಷೆಗೆ ಹೋದವಳು ಕೊಟ್ಟ ಮಾತು ಮುರಿದದ್ದನ್ನೂ, ಅವಳೇ ತನ್ನ ತಂದೆಯನ್ನು ಬಚ್ಚಿಟ್ಟದ್ದನ್ನೂ ಬರೆದೆ. ಅಧಿಕಾರಿ ಓದಿ, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

“ನಿಮ್ಮ ತಂದೆ ವಿಷಯ ಬಿಟ್ಬಿಡಿ ಮೇಡಂ. ನಿಮಗೇ ತೊಂದರೆ.”

“ಅದನ್ನ ಬಿಟ್ರೆ ಉಳಿದದ್ದು ಸುಳ್ಳಾಗುತ್ತೆ ಸರ್.”

“ಅವತ್ತು ನೀವು ಹೆಸರು ಹೇಳದೇ ಇದ್ದಿದ್ರೆ...”

“ನೀವು ಬೇರೆಯವರ ಹತ್ರ ಕೇಳ್ತಿದ್ರಿ.”

“ಕೇಳ್ತಿದ್ದೆ,” ಅಂದರು. ಆಮೇಲೆ ಅವರು ಒಂದು ಅಕ್ಷರ ಬದಲಿಸದೆ ಸಹಿ ಹಾಕಿದರು. ಆ ವರದಿಯಿಂದ ಒಂದು ನಿಯಮ ಬಂತು. ಜನರ ನಂಟಿನ ಚಿತ್ರ ಯಾವುದೇ ಇರಲಿ, ಅದರಲ್ಲಿ ಯಾರು ಎದ್ದು ಕಾಣುತ್ತಾರೋ ಅವರಿಗೆ ಮೊದಲು ತೋರಿಸಬೇಕು, ಅವರ ಒಪ್ಪಿಗೆ ಇಲ್ಲದೆ ಕೋಣೆಯ ಹೊರಗೆ ಒಯ್ಯಬಾರದು. ಆಸ್ಪತ್ರೆಯಿಂದ ದಿನಕ್ಕೊಂದು ಸುದ್ದಿ ಮನೆಗೆ ಮುಟ್ಟಿಸಬೇಕು ಎನ್ನುವುದೂ ಸೇರಿತು. ದೊಡ್ಡದೇನಲ್ಲ, ಎರಡು ಸಾಲು.

ಆ ಎರಡು ಸಾಲು ಹಿಡಿದುಕೊಂಡು ಎಂಟು ತಿಂಗಳ ಮೇಲೆ ಅಕ್ಕನ ಊರಿಗೆ ಹೋದೆ. ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇತ್ತು. ಇಸ್ತ್ರಿ ಮಾಡಿದ ಅಂಗಿಗಳ ಬಿಸಿ ವಾಸನೆ, ಗೋಡೆಯುದ್ದಕ್ಕೂ ಕಾಗದ ಸುತ್ತಿದ ಕಟ್ಟುಗಳು. ತಂಗಿಯ ಮಗಳು ಕುರ್ಚಿ ಹಾಕಿದಳು, ಟೀ ತರಿಸಿದಳು. ಅಕ್ಕ ಒಳಗಿನ ಬೆಂಚಿನ ಮೇಲೆ ಕೂತು ದಿಂಬಿನ ಚೀಲ ಮಡಚುತ್ತಿದ್ದಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಸಣ್ಣ ಅಕ್ಷರ ಕಾಣದು ಅಂದಳು, ನಾನೇ ಓದಿದೆ.

ಪೂರ್ತಿ ಕೇಳಿ, “ಚೆನ್ನಾಗಿದೆ. ಇದನ್ನ ಮೊದಲೇ ಬರೀಬಾರದಿತ್ತಾ?” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು.

“ಮೊದಲು ಗೊತ್ತಿರಲಿಲ್ಲ ಅಕ್ಕ,” ಅಂದೆ.

“ಹೂಂ,” ಅಂದಳು.

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ವಯಸ್ಸಾದವರು, ಕೈ ನಡುಗುತ್ತಿತ್ತು, ಕೋಲು ಹಿಡಿದಿದ್ದರು. ತಂಗಿಯ ಮಗಳು ಒಲೆಯ ಕಡೆ ಇದ್ದುದರಿಂದ ಅಕ್ಕನೇ ಎದ್ದು ಅವರ ಕಟ್ಟು ಹುಡುಕಿ ತಂದಳು. ಅವರು ಕೈ ಚಾಚಿದರು. ಅವಳು ಕಟ್ಟನ್ನು ಕಟ್ಟೆಯ ಮೇಲೆ ಇಟ್ಟು, ಅವರ ಬೆರಳು ತಗಲುವ ಮೊದಲೇ ಕೈ ಹಿಂದಕ್ಕೆ ತೆಗೆದುಕೊಂಡಳು. ಮುದುಕರು ತಡ ಮಾಡಿದರು, ಕಟ್ಟು ಜಾರಿತು, ಎರಡು ಅಂಗಿ ಕೆಳಗೆ ಬಿದ್ದವು. ಎತ್ತಿಕೊಟ್ಟದ್ದು ನಾನು.

ನಾಲ್ಕೂವರೆಯ ಬಸ್ಸಿಗೆ ಹೊರಟೆ. ಅವಳು ಅಂಗಡಿಯ ಬಾಗಿಲವರೆಗೆ ಬಂದಳು. “ಸರಿಯಾಗಿ ಊಟ ಮಾಡು, ಸೊರಗಿದೀಯ,” ಅಂದಳು. ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದಳು, ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು.